ಮೂರನೇ 'ತೊಂ' ಯಾಕೆ ತಡ ಆಯ್ತು: ಮೃದಂಗ, ಲ್ಯಾಪ್‌ಟಾಪ್, ಪರದೆ ಸೇರಿಸಿದ ಒಂದು ಪ್ರಯೋಗದ ಪೂರ್ತಿ ಕಥೆ

ಐದೇ ಐದು ಅಕ್ಷರದ ಸೊಲ್ಲು (ಮೃದಂಗದ ಹೊಡೆತಗಳನ್ನ ಬಾಯಲ್ಲಿ ಹೇಳೋ ಅಕ್ಷರಗಳು), ತ ದಿ ಗಿ ಣ ತೊಂ. ಮೃದಂಗ ವಿದ್ವಾನರು ಅದನ್ನ ಒಂದೇ ಸಲ ಬಾರಿಸಿ ಕೈ ತೊಡೆ ಮೇಲೆ ಇಟ್ಕೊಂಡುಬಿಡ್ತಾರೆ. ಎರಡನೇ ಸಲ, ಮೂರನೇ ಸಲ ಬಾರಿಸೋದು ಲ್ಯಾಪ್‌ಟಾಪು, ಅಂದ್ರೆ ಅವರದೇ ಶಬ್ದ ಎರಡು ಸಲ ಮಾರ್ದನಿಯಾಗಿ ಬರುತ್ತೆ, ಮೂರನೇದು ಮುಗಿದ ಕೂಡ್ಲೇ ಸಮಕ್ಕೆ, ಅಂದ್ರೆ ತಾಳದ ಮೊದಲ ಎಣಿಕೆಗೆ, ಮತ್ತೆ ವಿದ್ವಾನರ ಕೈ ಬೀಳುತ್ತೆ, ಅದೇ ಕ್ಷಣಕ್ಕೆ ಅಲ್ಲಿವರೆಗೂ ಕತ್ತಲಾಗಿದ್ದ ಪರದೆ ಝಗ್ ಅಂತ ಬೆಳಗ್ಬೇಕು. ಪೇಪರ್ ಮೇಲೆ ಬರ್ಕೊಂಡಾಗ ನನಗೇ ಮೈ ಜುಮ್ ಅಂದಿತ್ತು. ಮೊದಲ ಫುಲ್ ರಿಹರ್ಸಲ್‌ನಲ್ಲಿ ಆಗಿದ್ದು ಏನಂದ್ರೆ, ಎರಡನೇದು ಸ್ವಲ್ಪ ಹಿಂದೆ ಬಿತ್ತು, ಮೂರನೇದು ಇನ್ನೂ ಹಿಂದೆ, ಅದರ ತೊಂ ಬಂದು ಸಮದ ಕಾಲು ತುಳಿದ ಹಾಗೆ ಕೇಳಿಸ್ತು, ಪರದೆ ಮಾತ್ರ ಎಲ್ಲಾ ಮುಗಿದ್ಮೇಲೆ ನಿಧಾನಕ್ಕೆ ಎದ್ದು ಬೆಳಕಾಯ್ತು. ವಿದ್ವಾನರು ಕನ್ನಡಕ ಕೆಳಗಿಳಿಸಿ ನನ್ನ ನೋಡಿ, ಏನಪ್ಪಾ, ನಿನ್ನ ಡಬ್ಬ ಸಮ ಕಾಯೋದೇ ಇಲ್ವಲ್ಲ ಅಂದ್ರು.

ನಮ್ಮದು ಮೂರು ಜನದ ತಂಡ. ಮೃದಂಗ ವಿದ್ವಾನರಿಗೆ ಅರವತ್ತರ ಹತ್ತಿರ, ಬೆಂಗಳೂರಲ್ಲಿ ಕಛೇರಿಗಳಿಗೆ ನುಡಿಸ್ಕೊಂಡು ಪಾಠ ಹೇಳ್ಕೊಂಡು ಇರೋರು. ಲ್ಯಾಪ್‌ಟಾಪು, ಮೈಕು, ಸೌಂಡು ನನ್ನದು, ಚಿಕ್ಕವನಾಗಿದ್ದಾಗ ಅವರ ಹತ್ರಾನೇ ನಾಲ್ಕು ವರ್ಷ ಖಂಜಿರ ಕಲ್ತು ಬಿಟ್ಟವನು ನಾನು. ವಿಡಿಯೋ ಮಾಡಿದ್ದು ಹುಬ್ಬಳ್ಳಿ ಕಡೆ ಹುಡುಗಿ, ಚಿತ್ರಕಲೆ ಓದಿ ಆಮೇಲೆ ವಿಡಿಯೋಗೆ ಬಂದೋಳು, ತಾಳ ಅಂದ್ರೆ ಭಜನೇಲಿ ಹಾಕೋದು ಅಷ್ಟೇ ಗೊತ್ತಿತ್ತು ಅವಳಿಗೆ. ಐವತ್ತು ನಿಮಿಷದ ಒಂದು ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯೋ ಭಾಗ) ಅಂದ್ಕೊಳಿ, ಆದಿತಾಳದಲ್ಲಿ, ಹಾಡು ಇಲ್ಲ, ಪಿಟೀಲು ಇಲ್ಲ, ಮೃದಂಗ ಒಂದೇ, ಅದರ ಶಬ್ದದಿಂದಾನೇ ಎಲೆಕ್ಟ್ರಾನಿಕ್ಸು, ಹಿಂದೆ ಪರದೆ. ನೂರಾ ಎಂಬತ್ತು ಸೀಟಿನ ಸಣ್ಣ ಹಾಲು.

ಆ ಮುಕ್ತಾಯದ, ಅಂದ್ರೆ ಮೂರು ಸಲ ಬಂದು ಸಮಕ್ಕೆ ಮುಗಿಯೋ ಆ ಸೊಲ್ಲಿನ, ಲೆಕ್ಕ ಹೇಳ್ತೀನಿ, ಯಾಕಂದ್ರೆ ಇಡೀ ಪ್ರಕರಣ ಅಲ್ಲೇ ಇದೆ. ಆದಿತಾಳ ಎಂಟು ಎಣಿಕೆ, ಚತುರಶ್ರ ನಡೆ, ಎಣಿಕೆಗೆ ನಾಲ್ಕು ಮಾತ್ರೆ, ಒಟ್ಟು 32. ಐದು ಮಾತ್ರೆ ಸೊಲ್ಲು, ಎರಡು ಮಾತ್ರೆ ಖಾಲಿ, ಮತ್ತೆ ಐದು, ಮತ್ತೆ ಎರಡು ಖಾಲಿ, ಮತ್ತೆ ಐದು, ಕೂಡಿದ್ರೆ 19. ಅಂದ್ರೆ 13 ಮಾತ್ರೆ ಕಳೆದು ಎತ್ಕೋಬೇಕು, ಮೂರು ಎಣಿಕೆ ಬಿಟ್ಟು ಇನ್ನೊಂದು ಮಾತ್ರೆ ಆದ್ಮೇಲೆ. ಒಂದು ಸೊಲ್ಲಿನ ಶುರುವಿಂದ ಮುಂದಿನ ಸೊಲ್ಲಿನ ಶುರುವಿಗೆ ಏಳು ಮಾತ್ರೆ. ಸೋ ಡಿಲೇನ (ಶಬ್ದ ಹಿಡಿದಿಟ್ಟು ತಡವಾಗಿ ಮತ್ತೆ ಕೇಳಿಸೋದು) ಏಳು ಮಾತ್ರೆಗೆ ಸೆಟ್ ಮಾಡಿದ್ರೆ ಮೆಷಿನ್ನೇ ಮುಕ್ತಾಯ ಪೂರ್ತಿ ಮಾಡುತ್ತೆ. ನಿಮಿಷಕ್ಕೆ 80 ಎಣಿಕೆ ಲಯ ಅಂದ್ಕೊಂಡ್ರೆ ಒಂದು ಮಾತ್ರೆ 187.5 ಮಿಲಿಸೆಕೆಂಡು, ಏಳು ಮಾತ್ರೆ 1.3125 ಸೆಕೆಂಡು. ಅದನ್ನೇ ಹಾಕಿದ್ದೆ. ಆದ್ರೆ ರೆಕಾರ್ಡಿಂಗ್ ಅಳೆದು ನೋಡಿದ್ರೆ ಮುಕ್ತಾಯಕ್ಕೆ ಬರೋ ಹೊತ್ತಿಗೆ ವಿದ್ವಾನರ ಲಯ 82 ಆಗಿತ್ತು. 82ಕ್ಕೆ ಏಳು ಮಾತ್ರೆ ಅಂದ್ರೆ 1.2805. ವ್ಯತ್ಯಾಸ ಬರೀ 32 ಮಿಲಿಸೆಕೆಂಡು, ಆದ್ರೆ ಅದು ಮೊದಲನೇ ಮಾರ್ದನಿಗೆ, ಎರಡನೇದಕ್ಕೆ ಡಬಲ್ ಆಗಿ 64. ಒಂದು ಮಾತ್ರೆಯಲ್ಲಿ ಮೂರನೇ ಒಂದು ಭಾಗ ಹೋಯ್ತು. ಮೃದಂಗ ಕೇಳಿ ಅಭ್ಯಾಸ ಇರೋ ಕಿವಿ ಅದನ್ನ ಬಿಡುತ್ತಾ?

ಲಯ ಸ್ವಲ್ಪ ಏರಿದೆ ಸರ್ ಅಂತ ಸ್ಕ್ರೀನ್ ತೋರಿಸಿದ್ರೆ ಅವರು ಸುತಾರಾಂ ಒಪ್ಪಲಿಲ್ಲ. ಕಾಲಪ್ರಮಾಣ ಬಿಗಿಯಾಗಿರ್ಬೇಕು ಅಂತ ಮಕ್ಕಳಿಗೆ ದಿನಾ ಬೈಯೋರಿಗೆ ನಿಮ್ಮದು ಓಡಿದೆ ಅಂತ ನಾನು ಹೇಳೋದು ಅಂದ್ರೆ! ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ಹೌದಪ್ಪಾ, ಹಳೇ ಕ್ಯಾಸೆಟ್ ಒಂದು ಹಾಕಿ ಗಡಿಯಾರ ಇಟ್ಕೊಂಡು ನೋಡ್ದೆ, ಸ್ವಲ್ಪ ಏರುತ್ತೆ, ಆದ್ರೆ ಅದು ಏರ್ಲಿ ಅಂದ್ರು. ನನಗೂ ಅದೇ ಸರಿ ಅನ್ನಿಸ್ತು. ನಲವತ್ತು ನಿಮಿಷ ಆದ್ಮೇಲೆ ಶುರುವಿನ ಲಯಕ್ಕೇ ಕಟ್ಟಿ ಹಾಕಿದ್ರೆ ಕೇಳೋರಿಗೆ ಅದು ಇಳಿದ ಹಾಗೇ ಅನ್ಸುತ್ತೆ.

ಸುಲಭದ ದಾರಿ ಕ್ಲಿಕ್ಕು, ಅಂದ್ರೆ ಟಿಕ್ ಟಿಕ್ ಅಂತ ಲಯ ಹೇಳೋ ಶಬ್ದ, ಎಷ್ಟೋ ಬ್ಯಾಂಡ್‌ಗಳಲ್ಲಿ ಡ್ರಮ್ಮರ್ ಕಿವಿಗೆ ಕ್ಲಿಕ್ ಹಾಕಿ ಲೈಟು ವಿಡಿಯೋ ಎಲ್ಲಾನೂ ಅದೇ ಟೈಮ್‌ಲೈನಿಗೆ ಕಟ್ಟಿಬಿಡ್ತಾರೆ, ತಪ್ಪಿಲ್ಲ ಅದರಲ್ಲಿ, ಸ್ಟೇಡಿಯಂ ಶೋಗಳು ನಡೆಯೋದೇ ಹಂಗೆ. ಜರ್ಮನಿಯ ಸಂಗೀತ ಸಂಯೋಜಕ ಸ್ಟಾಕ್‌ಹೌಸೆನ್ 1960ರಲ್ಲಿ ಕಲೋನ್‌ನಲ್ಲಿ ಮೊದಲು ಕೇಳಿಸಿದ 'ಕೊಂಟಾಕ್ಟೆ' ಅನ್ನೋ ಕೃತಿಯಲ್ಲೂ ಪಿಯಾನೋದವರು, ತಾಳವಾದ್ಯದವರು ಇಬ್ರೂ ಓಡ್ತಿರೋ ಟೇಪಿನ ಜೊತೆ ನುಡಿಸ್ಬೇಕು, ಟೇಪ್ ಯಾರಿಗೂ ಕಾಯಲ್ಲ. ನಾವೂ ಟ್ರೈ ಮಾಡಿದ್ವಿ. ವಿದ್ವಾನರ ಕಿವಿಗೆ ಇಯರ್‌ಫೋನ್ ಹಾಕಿ ಇಪ್ಪತ್ತು ನಿಮಿಷ ಕ್ಲಿಕ್ ಜೊತೆ ನುಡಿಸಿದ್ರು, ಒಂದೇ ಒಂದು ಕಡೆ ತಪ್ಪಲಿಲ್ಲ, ಪರದೆ ಮಾರ್ದನಿ ಎಲ್ಲಾ ಕರೆಕ್ಟು. ಆಮೇಲೆ ಮೂರೂ ಜನ ಕೂತು ಕೇಳಿದ್ವಿ, ಮೂರೂ ಜನಕ್ಕೂ ಹಿಡಿಸಲಿಲ್ಲ. ಅರುದಿ (ನುಡಿಸ್ತಾ ಬಂದು ನಿಲ್ಲೋ ಜಾಗ) ಹತ್ರ ಅವರು ಸ್ವಲ್ಪ ತಡೆದು ಬಿಡ್ತಾರಲ್ಲ, ಕೂದಲೆಳೆಯಷ್ಟು, ಅದು ಕಾಣೆಯಾಗಿತ್ತು. ಅವರು ಇಯರ್‌ಫೋನ್ ಸುತ್ತಿ ನನ್ನ ಕೈಗೆ ಕೊಟ್ಟು, ಇದು ಹಾಕ್ಕೊಂಡ್ರೆ ನಾನು ತಾಳ ಕೇಳ್ತೀನೇ ಹೊರತು ಹಾಕಲ್ಲ ಅಂದ್ರು. ಕ್ಲಿಕ್ ಕಥೆ ಅಲ್ಲಿಗೆ ಮುಗೀತು.

ಸರಿ, ಹಾಗಾದ್ರೆ ಮೆಷಿನ್ನೇ ಅವರನ್ನ ಫಾಲೋ ಮಾಡ್ಲಿ ಅಂತ ಹೊರಟೆ. ಬಾರಿಸೋ ಶಬ್ದ ಕೇಳಿ ಲಯ ಕಂಡುಹಿಡಿಯೋ ಸಾಫ್ಟ್‌ವೇರ್ ಈಗ ಬೇಕಾದಷ್ಟಿದೆ. ಚತುರಶ್ರದಲ್ಲಿ ಇರೋವರೆಗೂ ಒಳ್ಳೇ ಹುಡುಗನ ಥರ ಹಿಂದೆ ಬಂತು. ತಿಶ್ರ ನಡೆಗೆ ತಿರುಗಿದ್ರು ನೋಡಿ, ಎಣಿಕೆಗೆ ನಾಲ್ಕು ಬೀಳ್ತಿದ್ದ ಹೊಡೆತ ಆರು ಬೀಳೋಕೆ ಶುರುವಾಯ್ತು, ತಾಳ ಇದ್ದಲ್ಲೇ ಇದೆ, ಸಾಫ್ಟ್‌ವೇರ್ ಮಾತ್ರ 80 ಇದ್ದದ್ದನ್ನ ಸೀದಾ 120 ಅಂತ ತೋರಿಸ್ತು. ಪಾಪ ಅದರ ತಪ್ಪೇನಿಲ್ಲ. ಬಿದ್ದ ಹೊಡೆತಾನೇ ಅದಕ್ಕೆ ಗೊತ್ತಿರೋದು, ನಮ್ಮ ತಾಳ ಇರೋದು ಹೊಡೆತದಲ್ಲಲ್ಲ, ಕೈಯಲ್ಲಿ. ನಾಲ್ಕು ಸಾಲು ತುಂಬಾ ಒಂದು ಹೊಡೆತಾನೂ ಎಣಿಕೆ ಮೇಲೆ ಬೀಳದೇ ಇರೋ ಹಾಗೆ ನುಡಿಸೋದು ಅವರಿಗೆ ಆಟ.

ಇನ್ನೊಂದು ಮೂರ್ಖತನಾನೂ ಮಾಡ್ದೆ, ಹೇಳ್ಕೊಳ್ತೀನಿ. ಒಂದೊಂದು ಸೊಲ್ಲನ್ನೂ ನೂರೈವತ್ತು ಸಲ ರೆಕಾರ್ಡ್ ಮಾಡಿ, ಇದು ತ, ಇದು ನಂ, ಇದು ಚಾಪು, ಇದು ತೊಂ ಅಂತ ಗುರುತಿಸೋಕೆ ಕಂಪ್ಯೂಟರಿಗೆ ಕಲಿಸ್ದೆ. ಚಾಪು ಬಿದ್ರೆ ಪರದೆ ಮೇಲೆ ಒಂದು ಚಿತ್ರ, ತೊಂ ಬಿದ್ರೆ ಇನ್ನೊಂದು. ನನ್ನ ರೂಮಲ್ಲಿ ಅದ್ಭುತವಾಗಿ ಕೆಲಸ ಮಾಡ್ತು. ಹಾಲಿಗೆ ಹೋದ್ಮೇಲೆ ಅರೆ ಚಾಪನ್ನ ನಂ ಅಂತು, ನಂ ಅನ್ನ ಏನೂ ಅನ್ನಲಿಲ್ಲ. ಬೇರೆ ಹಾಲು, ಬೇರೆ ಶ್ರುತಿ, ತೊಪ್ಪಿಗೆ (ಮೃದಂಗದ ಎಡಗಡೆ ಮುಖಕ್ಕೆ) ಅವತ್ತು ಕಲಸಿ ಹಾಕಿದ ರವೆ ಬೇರೆ ತೂಕ. ಅದೂ ಅಲ್ದೆ, ಅದು ಸರಿಯಾಗಿ ಗುರುತಿಸಿದಾಗ್ಲೂ ನೋಡೋಕೆ ಚೆನ್ನಾಗಿರ್ಲಿಲ್ಲ. ಹೊಡೆತಕ್ಕೊಂದು ಚಿತ್ರ ಅಂದ್ರೆ ಅದು ಮದುವೆ ಮನೆ ಸೀರಿಯಲ್ ಸೆಟ್ಟು. ಡಿಲೀಟ್ ಮಾಡ್ದೆ, ಮೂರು ವಾರದ ಕೆಲಸ.

ಕೊನೆಗೆ ಉಳಿದಿದ್ದು ಪೆಡಲ್ಲು. ನಾನು ಸ್ಟೇಜ್ ಮೇಲೆ ಕೂತು ಬಲಗೈಲಿ ತಾಳ ಹಾಕೋದು, ಕಾಲಲ್ಲಿ ಪೆಡಲ್ ಒತ್ತೋದು, ಮುಕ್ತಾಯದ ಹಿಂದಿನ ಆವರ್ತದಲ್ಲಿ (ತಾಳದ ಒಂದು ಸುತ್ತು) ಮಾತ್ರ. ಕೊನೇ ನಾಲ್ಕು ಎಣಿಕೆಯ ಸರಾಸರಿ ತಗೊಂಡು ಲ್ಯಾಪ್‌ಟಾಪ್ ಡಿಲೇನ ಲೆಕ್ಕ ಹಾಕುತ್ತೆ, ಏಳು ಮಾತ್ರೆ ಅಂದ್ರೆ ಒಂದೂಮುಕ್ಕಾಲು ಎಣಿಕೆ. ಕಾಲು ಒಂದು ಚೂರು ಆಚೀಚೆ ಆದ್ರೂ ನಾಲ್ಕು ಎಣಿಕೆಗೆ ಹಂಚಿ ಹೋಗೋದ್ರಿಂದ ಕೊನೇ ಮಾರ್ದನಿ 15-20 ಮಿಲಿಸೆಕೆಂಡ್ ಒಳಗೇ ಬಂತು, ಅಷ್ಟು ಆದ್ರೆ ಯಾರಿಗೂ ತಿಳಿಯಲ್ಲ. ಒಂದು ಎಡವಟ್ಟು ಇತ್ತು: ಡಿಲೇ ಒಳಗೆ ಶಬ್ದ ಇರುವಾಗಲೇ ನಾನು ಪೆಡಲ್ ಒತ್ತಿಬಿಟ್ರೆ ಟೈಮ್ ಬದಲಾಗಿ ಶ್ರುತಿ ಜಾರುತ್ತೆ, ಹಳೇ ಟೇಪ್‌ರೆಕಾರ್ಡರ್‌ನಲ್ಲಿ ಕ್ಯಾಸೆಟ್ ಎಳ್ಕೊಂಡ ಹಾಗೆ. ಅದಕ್ಕೆ ಸೊಲ್ಲು ಶುರುವಾದ ಕ್ಷಣದಿಂದ ಪೆಡಲ್ ಕೆಲಸ ಮಾಡದೇ ಇರೋ ಹಾಗೆ ಬೀಗ ಹಾಕ್ದೆ. ನಾಲ್ಕು ವರ್ಷ ಖಂಜಿರ ಕಲ್ತಿದ್ದು ಜೀವನದಲ್ಲಿ ಮೊದಲ ಸಲ ಪ್ರಯೋಜನಕ್ಕೆ ಬಂತು ಅನ್ನಿ.

ಈಗ ವಿಡಿಯೋ ಕಡೆ ಬರ್ತೀನಿ, ನನಗೆ ತುಂಬಾ ಪಾಠ ಆಗಿದ್ದು ಅಲ್ಲೇ.

ಮೊದಲ ಐಡಿಯಾ ಎಲ್ಲರಿಗೂ ಬರೋದೇ, ಮೃದಂಗದ ಮೇಲೆ ಒಂದು ಕ್ಯಾಮೆರಾ ಇಟ್ಟು ವಿದ್ವಾನರ ಬೆರಳನ್ನ ದೊಡ್ಡದಾಗಿ ಪರದೆ ಮೇಲೆ ತೋರಿಸೋದು, ಮೇಲಿಂದ ಎಫೆಕ್ಟ್ ಹಾಕೋದು. ಎಷ್ಟು ತಡ ಆಗುತ್ತೆ ಅಂತ ಅಳೆಯೋಕೆ ಸುಲಭದ ಉಪಾಯ ಇದೆ. ಫೋನಲ್ಲಿ ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮು, ನಿಜವಾದ ಕೈ ಮತ್ತೆ ಪರದೆ ಎರಡೂ ಒಂದೇ ಶಾಟಲ್ಲಿ ಬರೋ ಹಾಗೆ ಹಿಡಿದು, ಕೈ ಬಿದ್ದ ಫ್ರೇಮಿಂದ ಪರದೆ ಮೇಲೆ ಕೈ ಬಿದ್ದ ಫ್ರೇಮಿನವರೆಗೂ ಎಣಿಸಿದ್ರೆ ಆಯ್ತು. ನಮ್ಮದು 39 ಫ್ರೇಮ್ ಬಂತು, ಸುಮಾರು 160 ಮಿಲಿಸೆಕೆಂಡು. ಕ್ಯಾಮೆರಾ ಸ್ವಲ್ಪ ತಿನ್ನುತ್ತೆ, ಕಂಪ್ಯೂಟರಿಗೆ ಒಳಗೆ ತಗೊಳ್ಳೋ ಡಬ್ಬ ಸ್ವಲ್ಪ, ಎಫೆಕ್ಟ್ ಸ್ವಲ್ಪ, ಪ್ರೊಜೆಕ್ಟರ್ ಒಳಗಡೆ ಚಿತ್ರ ಸರಿಮಾಡೋಕೆ ಸ್ವಲ್ಪ. ಕೂಡಿದ್ರೆ ಹತ್ರ ಹತ್ರ ಒಂದು ಮಾತ್ರೆ ತಡ. ಅಂದ್ರೆ ಪರದೆ ಮೇಲಿನ ವಿದ್ವಾನರು ಕೆಳಗೆ ಕೂತಿರೋ ವಿದ್ವಾನರಿಗಿಂತ ಒಂದು ಮಾತ್ರೆ ಹಿಂದೆ ನುಡಿಸ್ತಿದ್ರು. ಇದಕ್ಕಿಂತ ಕೆಟ್ಟದ್ದು ಬೇಕಾ? ಕ್ಯಾಮೆರಾ ಬಿಚ್ಚಿಟ್ವಿ.

ಮೊದಲೇ ಶೂಟ್ ಮಾಡಿಟ್ಟ ಕ್ಲಿಪ್ಪನ್ನ ಬಟನ್ ಒತ್ತಿ ಬಿಡೋದಾದ್ರೆ ತಡ ಕಡಿಮೆ, 19 ಫ್ರೇಮು, ಸುಮಾರು 79 ಮಿಲಿಸೆಕೆಂಡು. ಹಾಲಲ್ಲಿ ಹಿಂದಿನ ಸಾಲಲ್ಲಿ ಕೂತು ನೋಡಿದ್ವಿ, ಪರ್ಫೆಕ್ಟ್ ಅನ್ನಿಸ್ತು, ಖುಷಿಯಾಗಿ ಕಾಫಿಗೆ ಹೋದ್ವಿ. ಮಾರನೇ ದಿನ ವಿದ್ವಾನರ ಮನೆಯವರು ಮುಂದಿನ ಸಾಲಲ್ಲಿ ಕೂತು, ಬೆಳಕು ಯಾಕೋ ಹಿಂದೇ ಬರ್ತಿದೆ ಕಣಪ್ಪಾ ಅಂದ್ರು. ಇಬ್ರೂ ಹೇಳಿದ್ದು ನಿಜಾನೇ! ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಕೊನೇ ಸಾಲು ಸ್ಟೇಜಿಂದ 14 ಮೀಟರ್ ದೂರ, ಅಲ್ಲಿಗೆ ಶಬ್ದ ತಲುಪೋಕೇ 41 ಮಿಲಿಸೆಕೆಂಡ್ ಬೇಕು, ಬೆಳಕಿಗೆ ಏನೂ ಬೇಡ. ಹಾಗಾಗಿ ಹಿಂದಿನ ಸಾಲಿನವರಿಗೆ ಚಿತ್ರ ಬರೀ 38 ತಡ, ಮುಂದಿನವರಿಗೆ ಪೂರ್ತಿ 79. ಟಿವಿ ಪ್ರಸಾರದವರು ಇಟ್ಕೊಂಡಿರೋ ಅಂತಾರಾಷ್ಟ್ರೀಯ ಲೆಕ್ಕ ಒಂದಿದೆ, ಚಿತ್ರಕ್ಕಿಂತ ಶಬ್ದ 45 ಮಿಲಿಸೆಕೆಂಡ್ ಮುಂಚೆ ಬಂದ್ರೆ ಸಾಕು ಜನಕ್ಕೆ ಗೊತ್ತಾಗುತ್ತೆ, ಹಿಂದೆ ಬಂದ್ರೆ 125ರವರೆಗೂ ಗೊತ್ತಾಗಲ್ಲ. ಅದು ಸಹಜ, ದೂರದಲ್ಲಿ ಅಗಸ ಬಟ್ಟೆ ಒಗೆಯೋದು ಮೊದಲು ಕಂಡು ಆಮೇಲೆ ಕೇಳಿಸೋದು ನಮ್ಮ ಕಣ್ಣು ಕಿವಿಗೆ ಹುಟ್ಟಿದಾಗಿಂದ ರೂಢಿ, ಕೇಳಿದ್ಮೇಲೆ ಕಾಣೋದು ಪ್ರಕೃತಿಯಲ್ಲೇ ಇಲ್ಲ. ಪ್ರೊಜೆಕ್ಟರ್ ಮಾಡೋದು ಅದನ್ನೇ.

ಸಿನಿಮಾ ಆಗಿದ್ರೆ ಶಬ್ದಾನ 79 ಹಿಂದಕ್ಕೆ ತಳ್ಳಿ ಸರಿಮಾಡ್ಬಹುದಿತ್ತು. ಇಲ್ಲಿ ಮೃದಂಗ ಕಣ್ಣೆದುರಿಗೇ ಇದೆ, ಸಣ್ಣ ಹಾಲು, ಮೈಕ್ ಆಫ್ ಮಾಡಿದ್ರೂ ಕೇಳಿಸುತ್ತೆ. ಅದನ್ನ ತಡ ಮಾಡೋಕೆ ಆಗಲ್ಲ. ಉಳಿದಿರೋದು ಒಂದೇ ದಾರಿ, ವಿಡಿಯೋನೇ ಮುಂಚೆ ಹೊರಡ್ಬೇಕು, ಅಂದ್ರೆ ಸಮ ಬರೋಕೆ ಮುಂಚೇನೇ ಯಾರಿಗೋ ಗೊತ್ತಿರ್ಬೇಕು. ಇದನ್ನ ಸಾಫ್ಟ್‌ವೇರಲ್ಲಿ ಹೇಗಪ್ಪಾ ಮಾಡೋದು ಅಂತ ತಲೆ ಕೆಡಿಸ್ಕೊಂಡು ಕೂತಿದ್ದಾಗ ಆ ಹುಡುಗಿ ಕೇಳಿದ್ಲು, "ಸರ್, ಕೇಳಿದ್ಮ್ಯಾಲ ಒತ್ತಿದ್ರ ತಡ ಆಗತೈತ್ರಿ, ಅವರು ಎಲ್ಲಿ ಮುಗಸ್ತಾರ ಅಂತ ಮೊದ್ಲ ನಿಮಗ ಹೆಂಗ್ ಗೊತ್ತಾಗತೈತಿ?" ತಾಳ ಹಾಕ್ತಿದ್ರೆ ಗೊತ್ತಾಗುತ್ತಮ್ಮ ಅಂದೆ. ಅಂದ್ಮೇಲೆ ನಾನೇ ಸುಮ್ನಾಗ್ಬಿಟ್ಟೆ, ಉತ್ತರ ಅಲ್ಲೇ ಇತ್ತಲ್ಲ. ಕೇಳಿಸಿದ್ಮೇಲೆ ಓಡೋದು ಮೆಷಿನ್ನು. ಮುಕ್ತಾಯದ ಮೊದಲ ಸೊಲ್ಲು ಬಿದ್ದ ತಕ್ಷಣ ಮೂರನೇದು ಎಲ್ಲಿ ಇಳಿಯುತ್ತೆ ಅಂತ ಸಭೆಯಲ್ಲಿ ತಾಳ ಹಾಕೋ ಅಜ್ಜನಿಗೂ ಗೊತ್ತಿರುತ್ತೆ, ಅವರು ಸಮಕ್ಕೆ ಕೈ ಇಳಿಸೋದು ಕೇಳಿ ಅಲ್ಲ.

ಐದು ವಾರ ಅವಳು ವಿದ್ವಾನರ ಮನೆಗೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ತಾಳ ಕಲಿತ್ಲು. ವಿಡಿಯೋ ಮಾಡೋಕೆ ಬಂದಿರೋ ಮಗು ಅಂತ ಅವರೂ ರಿಯಾಯಿತಿ ತೋರಿಸ್ಲಿಲ್ಲ, ಎಲ್ಲರ ಥರಾನೇ ಮೊದಲು ಬಾಯಲ್ಲಿ ಹೇಳು, ಕೈಲಿ ತಾಳ ಹಾಕು, ಕೊನ್ನಕೋಲ್ (ಸೊಲ್ಲು ಬಾಯಲ್ಲಿ ಹೇಳೋದು) ಬರದೇ ಇದ್ರೆ ಏನೂ ಬರಲ್ಲ. ಆಮೇಲೆ ಚಿತ್ರ ಬಿಡೋ ಅವಳ ಪೆಡಲ್ ಒತ್ತೋ ಅಭ್ಯಾಸ. ಎಂಬತ್ತು ಮಿಲಿಸೆಕೆಂಡ್ ಮುಂಚೆ ಒತ್ತು ಅಂತ ಯಾರಿಗೂ ಹೇಳೋಕಾಗಲ್ಲ, ಹೇಳಲೂ ಇಲ್ಲ. ಪರದೆ ನೋಡ್ತಾ ನೋಡ್ತಾ, ಕೈ ಸಮಕ್ಕೆ ಇಳಿಯೋಕೆ ಶುರುವಾದಾಗ ಕಾಲು ಒತ್ತಬೇಕು, ಕೈ ತೊಡೆ ಮುಟ್ಟಿದಾಗ ಬೆಳಕು ಬರ್ಬೇಕು ಅಂತ ಅವಳೇ ಕಂಡ್ಕೊಂಡ್ಲು. ದೊಡ್ಡ ದೊಡ್ಡ ಚರ್ಚುಗಳಲ್ಲಿ ಆರ್ಗನ್ ನುಡಿಸೋರು ಹಿಂಗೇ ಮಾಡ್ತಾರೆ, ಕೊಳವೆ ದೂರದಲ್ಲಿರುತ್ತೆ, ಶಬ್ದ ತಡವಾಗಿ ಬರುತ್ತೆ, ಬೆರಳು ತಾನಾಗೇ ಮುಂಚೆ ಹೋಗೋಕೆ ಕಲಿಯುತ್ತೆ. ಎರಡು ವಾರ ಆದ್ಮೇಲೆ ಸ್ಲೋ ಮೋಷನ್‌ನಲ್ಲಿ ಮತ್ತೆ ಎಣಿಸಿದ್ರೆ ಹತ್ತರಲ್ಲಿ ಎಂಟು ಸಲ ನಾಲ್ಕೈದು ಫ್ರೇಮ್ ಆಚೀಚೆ ಅಷ್ಟೇ.

ಪರದೆ ಮೇಲೆ ಏನು ತೋರಿಸಿದ್ವಿ ಅಂತ ಹೇಳ್ಲೇ ಇಲ್ಲ. ಅದಕ್ಕೆ ಸಿ.ವಿ. ರಾಮನ್ ಹತ್ರ ಹೋಗ್ಬೇಕು. 1920ರಲ್ಲಿ, ಇನ್ನೂ ಕಲ್ಕತ್ತದಲ್ಲಿದ್ದಾಗ, ಮೃದಂಗ ತಬಲಾ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಹಾಕಿದ್ರು, ಬೆಂಗಳೂರಿಗೆ ಬಂದ್ಮೇಲೆ 1934ರಲ್ಲಿ ಉದ್ದದ್ದೊಂದು. ಬರೀ ಚರ್ಮ ಬಿಗಿದ ಡ್ರಮ್ಮಿನಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಹೊಂದಲ್ಲ, ಮೂಲ ಸ್ವರ 1 ಅಂದ್ರೆ ಮುಂದಿನವು 1.59, 2.14, 2.30 ಅಂತ ಅಡ್ಡಾದಿಡ್ಡಿ ಹೋಗ್ತವೆ, ಅದಕ್ಕೇ ಅದು ಧಡ್ ಅನ್ನುತ್ತೆ ಹೊರತು ಹಾಡಲ್ಲ. ನಮ್ಮ ಕರಣೆಯ (ಬಲಗಡೆ ಮುಖದ ನಡುವಿನ ಕಪ್ಪು ಲೇಪ) ಭಾರ ನಡುವೆ ಕೂತ್ಕೊಂಡು ಅವನ್ನೆಲ್ಲ ಎಳೆದು 1, 2, 3, 4, 5 ಅನ್ನೋ ಸಾಲಿಗೆ ತರುತ್ತೆ, ಒಂಬತ್ತು ಬಗೆಯ ಕಂಪನ ಸೇರಿ ಐದು ಸ್ವರ ಆಗುತ್ತೆ ಅಂತ ಅವರು ತೋರಿಸಿದ್ರು, ಚರ್ಮದ ಮೇಲೆ ನುಣ್ಣನೆ ಮರಳು ಉದುರಿಸಿ ಯಾವ ಗೆರೆಯಲ್ಲಿ ಮರಳು ನಿಲ್ಲುತ್ತೆ ಅಂತ ನೋಡಿ. ಈ ಕಥೆ ಹೇಳಿದ್ದೇ ತಡ ಹುಡುಗಿಗೆ ಐಡಿಯಾ ಬಂತು. ವಿದ್ವಾನರ ಮನೆ ಅಟ್ಟದಲ್ಲಿದ್ದ ಒಂದು ಹಳೇ ಮೃದಂಗ ಇಳಿಸಿ (ಹೊಸದನ್ನ ಮುಟ್ಟೋಕೆ ಬಿಡಲಿಲ್ಲ), ಮುಚ್ಚಿಗೆ (ಚರ್ಮದ ಹೊದಿಕೆ) ಮೇಲೆ ಚಿರೋಟಿ ರವೆ ಉದುರಿಸಿ, ಪಕ್ಕದಲ್ಲಿ ಸಣ್ಣ ಸ್ಪೀಕರ್ ಇಟ್ಟು ವಿದ್ವಾನರದ್ದೇ ಮೀಟು (ದನಿ ಉದ್ದಕ್ಕೆ ಉಳಿಯೋ ಹೊಡೆತ) ದೊಡ್ಡದಾಗಿ ಹಾಕಿ, ಹತ್ತಿರದಿಂದ ಶೂಟ್ ಮಾಡಿದ್ಲು. ರವೆ ಕುಣಿಯುತ್ತೆ, ಗುಂಪಾಗುತ್ತೆ, ಗೆರೆಯಾಗುತ್ತೆ, ಪಟ್ ಅಂತ ಇನ್ನೊಂದು ಆಕಾರಕ್ಕೆ ಹಾರುತ್ತೆ. ಪರದೆ ಮೇಲೆ ಎಂಟಡಿ ಎತ್ತರಕ್ಕೆ ನೋಡಿದ್ರೆ ಯಾವುದೋ ಗ್ರಹದ ಮೇಲಿನ ಮರಳುಗಾಡು. ಇಡೀ ಶೋನಲ್ಲಿ ಇದೇ, ಬೇರೆ ಚಿತ್ರ ಇಲ್ಲ.

ಎಲೆಕ್ಟ್ರಾನಿಕ್ಸ್‌ಗೂ ರಾಮನ್ ಲೆಕ್ಕಾನೇ ಕಾಪಾಡಿದ್ದು. ಶುರುವಲ್ಲಿ ನಾನು ಲ್ಯಾಪ್‌ಟಾಪಿಂದ ಒಂದು ಶ್ರುತಿ ಹಾಕಿದ್ದೆ, ಸಿಂತ್ (ಸಿಂತಸೈಜರ್) ಶಬ್ದ, ಕೆಳಗೆ ಗುಂಯ್ ಅಂತ. ಎಸಿ ಗಾಳಿ ಒಣ, ಮೇಲಿಂದ ಲೈಟಿನ ಬಿಸಿ, ಇಪ್ಪತ್ತು ನಿಮಿಷಕ್ಕೆ ಮೃದಂಗದ ಬಲಗಡೆ ಬಿಗಿಯಾಗಿ ಏರಿಬಿಡ್ತು, ತೊಪ್ಪಿ ರವೆ ಒಣಗಿ ಅದೂ ದನಿ ಬದಲಾಯಿಸ್ತು. ಕಛೇರಿಯಲ್ಲಾದ್ರೆ ಹಾಡಿನ ಮಧ್ಯೆ ಕಲ್ಲು ತಗೊಂಡು ಟಕ್ ಟಕ್ ಅಂತ ಶ್ರುತಿ ಮಾಡ್ಕೊಳ್ತಾರೆ, ಇಲ್ಲಿ ಒಬ್ಬರೇ ಇರೋದು, ಎಲ್ಲಿ ನಿಲ್ಲಿಸೋದು? ಅದಕ್ಕೆ ಸಿಂತ್ ಶ್ರುತಿ ಕಿತ್ತಾಕಿದೆ. ಬದಲಿಗೆ ಅವರು ಆಗತಾನೇ ಹಾಕಿದ ಒಂದು ಮೀಟನ್ನ ಹಿಡಿದು, ಅದರ ಬಾಲವನ್ನೇ ಹಿಗ್ಗಿಸಿ, ಅದನ್ನೇ ಶ್ರುತಿ ಥರ ಇಡೋದು, ಐದು ನಿಮಿಷಕ್ಕೊಂದು ಸಲ ಹೊಸ ಮೀಟು ಹಿಡಿಯೋದು. ಮೃದಂಗ ಏರಿದ್ರೆ ಶ್ರುತಿನೂ ಜೊತೇಲೇ ಏರುತ್ತೆ. ಕರಣೆ ಇಲ್ಲದ ಡ್ರಮ್ಮಲ್ಲಿ ಇದು ಆಗ್ತಾನೇ ಇರ್ಲಿಲ್ಲ, ಬಾಲ ಹಿಗ್ಗಿಸಿದ್ರೆ ಗದ್ದಲ ಬರ್ತಿತ್ತು.

ಮೈಕಿನ ವಿಷ್ಯ ಬೇಗ ಹೇಳಿಬಿಡ್ತೀನಿ. ಎರಡೂ ಕಡೆ ಒಂದೊಂದು ಡೈನಾಮಿಕ್ ಮೈಕು, ಜೊತೆಗೆ ಹಲಸಿನ ಮರದ ಮೈಗೆ ಅಂಟಿಸೋ ಒಂದು ಕಾಂಟ್ಯಾಕ್ಟ್ ಮೈಕು. ಅದನ್ನ ಸೀದಾ ಮಿಕ್ಸರಿಗೆ ಚುಚ್ಚಿದ್ರೆ ಡಬ್ಬ ಬಡಿದ ಹಾಗೆ ಕೇಳಿಸುತ್ತೆ, ಮಧ್ಯೆ ಒಂದು ಮೆಗಾಓಮ್ ಮಟ್ಟದ ಇನ್‌ಪುಟ್ ಇರೋ ಪ್ರೀಆಂಪ್ ಬೇಕು, ಆಗ ಮಾತ್ರ ಕೆಳಗಿನ ದನಿ ಉಳಿಯುತ್ತೆ. ಚರ್ಮದ ವಾರಿನ ಮೇಲೆ ಅಂಟಿಸ್ಬೇಡಿ. ತೊಪ್ಪಿ ಮೈಕನ್ನ ಸಬ್‌ವೂಫರಿಗೆ ಕಳಿಸಿದ್ರೆ ಗುಮ್ಕಿ (ಎಡಗಡೆ ಚರ್ಮ ಒತ್ತಿ ಜಾರಿಸೋ ಆಳದ ದನಿ) ಹಾಕಿದಾಗೆಲ್ಲ ಹಾಲೇ ಊಳಿಡುತ್ತೆ, ಕಳಿಸ್ಬೇಡಿ. ಇನ್ನು ಪ್ರೊಜೆಕ್ಟರ್ ಕೇಬಲ್ ಲ್ಯಾಪ್‌ಟಾಪಿಗೆ ಹಾಕಿದ ತಕ್ಷಣ ಸ್ಪೀಕರಲ್ಲಿ ಬರೋ ಆ ಗುಂಯ್ ಶಬ್ದ, ಎಲ್ಲರಿಗೂ ಗೊತ್ತಿರೋ ಶತ್ರು. ಆಡಿಯೋ ಒಂದು ಲ್ಯಾಪ್‌ಟಾಪು, ವಿಡಿಯೋ ಬೇರೆ ಲ್ಯಾಪ್‌ಟಾಪು, ಎರಡರ ಮಧ್ಯೆ ವೈರೇ ಇಲ್ಲ, ಆಡಿಯೋ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸು (ಎರಡು ಕಡೆಯ ವೈರಿಂಗ್ ಬೇರ್ಪಡಿಸೋ ಡಬ್ಬ), ಅಲ್ಲಿಗೆ ಹೋಯ್ತು. ಹಾಲಿನ ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡಿ ಸಾರ್ ಸರಿಹೋಗುತ್ತೆ ಅಂದ, ಬೇಡವೇ ಬೇಡ, ಗುಂಯ್ ಹೋಗಿ ಶಾಕ್ ಬರುತ್ತೆ.

ಎರಡು ಲ್ಯಾಪ್‌ಟಾಪಿನ ಮಧ್ಯೆ ವೈರಿಲ್ಲ ಅಂದಾಗ ಟೆಕ್ನಿಕಲ್ ಗೆಳೆಯರೆಲ್ಲ ನಕ್ಕರು, ಸಿಂಕ್ ಹೇಗೆ ಅಂತ. ಸಿಂಕ್ ನಾವಿಬ್ರೂ ಹಾಕ್ತಿದ್ದ ತಾಳ. 1964ರಲ್ಲಿ ಅದೇ ಸ್ಟಾಕ್‌ಹೌಸೆನ್ ಒಂದು ದೊಡ್ಡ ಟ್ಯಾಮ್‌ಟ್ಯಾಮ್ ಇಟ್ಟು, ನಮ್ಮ ಜಾಗಟೆಯ ದೊಡ್ಡಣ್ಣ ಅಂದ್ಕೊಳಿ, ಪ್ರತಿ ಕಡೆ ಒಬ್ಬ ಬಾರಿಸೋನು, ಒಬ್ಬ ಮೈಕ್ ಹಿಡ್ಕೊಂಡು ಹತ್ರ ದೂರ ಮಾಡೋನು, ಒಬ್ಬ ಫಿಲ್ಟರ್ ತಿರುಗಿಸೋನು, ಹೀಗೆ ಆರು ಜನರನ್ನ ಕೂರಿಸಿದ್ದ, ಕೃತಿ ಹೆಸರೇ 'ಮಿಕ್ರೊಫೋನಿ'. ಮೈಕ್ ಹಿಡಿಯೋನೂ ಅಲ್ಲಿ ವಾದ್ಯಗಾರಾನೇ. ಇದನ್ನ ನಾನು ಮುಂಚೇನೇ ಓದಿದ್ದೆ, ಅರ್ಥ ಆಗಿದ್ದು ಮಾತ್ರ ಆ ಹುಡುಗಿ ಪೆಡಲ್ ಪಕ್ಕ ಕೂತು ಸಣ್ಣಗೆ ತಕದಿಮಿ ಅನ್ಕೊಳ್ತಿದ್ದಾಗ.

ಶೋ ದಿನ. ಸಂಜೆ ಆರೂವರೆಗೆ ಶುರು, ಮುಕ್ಕಾಲು ಹಾಲು ತುಂಬಿತ್ತು, ಅರ್ಧ ಕಛೇರಿ ಕೇಳೋರು, ಅರ್ಧ ಹುಡುಗ್ರು. ಮೊದಲ ಹನ್ನೊಂದು ನಿಮಿಷ ಪರದೆ ಇಲ್ಲವೇ ಇಲ್ಲ, ಬರೀ ಮೃದಂಗ, ಆಮೇಲೆ ನಿಧಾನಕ್ಕೆ ಒಂದು ಮೀಟಿನ ಬಾಲ ಉದ್ದ ಆಗ್ತಾ ಆಗ್ತಾ ಹಾಲು ತುಂಬ್ಕೊಂಡು, ಅದರೊಳಗೆ ರವೆ ಚಿತ್ರ ಬಂತು. ದಟ್ಟವಾಗಿ ನುಡಿಸೋ ಕಡೆಯೆಲ್ಲ ಪರದೆ ಕಪ್ಪು, ಇದು ನಮ್ಮ ಜಗಳದಲ್ಲಿ ವಿದ್ವಾನರು ಗೆದ್ದ ನಿಯಮ, ಕೈ ಓಡುವಾಗ ಜನ ಕೈ ನೋಡ್ಲಿ. ಐವತ್ತು ನಿಮಿಷದಲ್ಲಿ ಹತ್ರ ಹತ್ರ ಅರ್ಧ ಹೊತ್ತು ಪರದೆ ಕತ್ತಲು. ತಿಶ್ರದಲ್ಲಿ ಒಂದು ಕಡೆ ಹುಡುಗಿ ಒಂದು ಎಣಿಕೆ ಮುಂಚೆ ಒತ್ತಿಬಿಟ್ಲು, ವಿದ್ವಾನರು ಬೆಳಕು ನೋಡಿ ನಗ್ತಾ ಆ ಎಣಿಕೆ ಮೇಲೇ ಒಂದು ಜೋರು ಚಾಪು ಹಾಕಿ ಅದನ್ನೇ ಸರಿ ಮಾಡಿಬಿಟ್ರು. ಕ್ಲಿಕ್ ಟ್ರ್ಯಾಕ್ ಇದ್ದಿದ್ರೆ? ಮುಕ್ತಾಯ ಬಂತು. ಒಂದು ಸಲ ಅವರ ಕೈ, ತೊಡೆ ಮೇಲೆ ಕೈ, ಎರಡನೇದು ಸ್ಪೀಕರಿಂದ, ಜನ ಕೆಲವರು ಕತ್ತೆತ್ತಿ ನೋಡಿದ್ರು ಯಾರು ಬಾರಿಸ್ತಿರೋದು ಅಂತ, ಮೂರನೇದು, ಸಮ, ಕೈ, ಬೆಳಕು. ನನಗೆ ಚಪ್ಪಾಳೆ ಕೇಳಿಸಿದ ನೆನಪೇ ಇಲ್ಲ, ಕಾಲು ಪೆಡಲ್ ಮೇಲೇ ಮರಗಟ್ಟಿತ್ತು.

ಆಮೇಲೆ ಒಬ್ಬ ಹಿರಿಯರು ಹತ್ರ ಬಂದು, ಚೆನ್ನಾಗಿತ್ತಪ್ಪಾ, ಆದ್ರೆ ಆ ಪರದೆ ಇಲ್ಲದೇ ಇದ್ರೂ ನಡೀತಿತ್ತು ಅಂದ್ರು. ವಿಡಿಯೋ ಹುಡುಗಿ ಪಕ್ಕದಲ್ಲೇ ಇದ್ಲು, ಹೌದ್ರೀ ಅಜ್ಜಾರ, ಅದಕ್ಕ ಅರ್ಧ ಹೊತ್ತು ಬಂದ್ ಇಟ್ಟಿದ್ವಿ ಅಂದ್ಲು.

ಎರಡು ತಿಂಗಳಾದ್ಮೇಲೆ ಬೇರೆ ಊರಲ್ಲಿ ಬಯಲು ಸ್ಟೇಜಲ್ಲಿ ಇನ್ನೊಂದ್ಸಲ ಮಾಡಿದ್ವಿ, ಅಷ್ಟು ಚೆನ್ನಾಗಿ ಆಗಲಿಲ್ಲ. ಪ್ರೊಜೆಕ್ಟರ್ ಬದಲು ಎಲ್‌ಇಡಿ ಗೋಡೆ ಹಾಕಿದ್ರು, ಅದರ ತಡ ಬೇರೆ, 11 ಫ್ರೇಮು, ಕಾಲಿಗೆ ಕೂತಿದ್ದ ಅಭ್ಯಾಸ ಎಲ್ಲಾ ಉಲ್ಟಾ ಆಗಿ ಬೆಳಕು ಪ್ರತಿ ಸಲ ಮುಂಚೆ ಬಂತು, ರಿಹರ್ಸಲಿಗೆ ಸಿಕ್ಕಿದ್ದು ಒಂದೇ ಗಂಟೆ. ಮಂಜು ಬಿದ್ದು ಚರ್ಮ ಸಡಿಲ ಆಗಿ ಈ ಸಲ ಶ್ರುತಿ ಕೆಳಗೆ ಹೋಯ್ತು, ಮೀಟು ಹಿಡಿಯೋ ಉಪಾಯ ಇದ್ದದ್ದಕ್ಕೆ ಅದೊಂದು ಬಚಾವು. ಮುಂದಿನ ಸಲ ಹಾಲಿನ ಸಾಮಾನು ಯಾವುದು ಅಂತ ಮೊದಲು ಕೇಳಿ, ಬೇಕಿದ್ರೆ ಕಂಪ್ಯೂಟರಲ್ಲೇ ಒಂದಷ್ಟು ತಡ ಸೇರಿಸಿ ಯಾವಾಗ್ಲೂ 19 ಫ್ರೇಮೇ ಬರೋ ಹಾಗೆ ಮಾಡ್ಕೋಬೇಕು, ಕಡಿಮೆ ಮಾಡೋಕೆ ಆಗಲ್ಲ, ಜಾಸ್ತಿ ಮಾಡೋಕೆ ಆಗುತ್ತೆ.

ಹೋದ ವಾರ ವಿದ್ವಾನರು ಫೋನ್ ಮಾಡಿದ್ರು. ಆದಿತಾಳ ಆಯ್ತಲ್ಲಪ್ಪಾ, ಇನ್ನೊಂದ್ಸಲ ಮಿಶ್ರಛಾಪು ಹಾಕೋಣ, ಅದೇ ಐದರ ಸೊಲ್ಲು, ಅದೇ ಎರಡು ಖಾಲಿ, ನಿನ್ನ ಪೆಡಲ್ ಏನ್ಮಾಡುತ್ತೆ ನೋಡೋಣ ಅಂದ್ರು. ಕಾಗದ ತಗೊಂಡು ಕೂತೆ. ಎಣಿಕೆಗೆ ಎರಡು ಮಾತ್ರೆ ಹಿಡಿದ್ರೆ ಏಳು ಎಣಿಕೆಗೆ 14, ಎರಡು ಆವರ್ತಕ್ಕೆ 28, ಅದರಲ್ಲಿ 19 ಕಳೆದ್ರೆ 9, ಎತ್ಕೊಳ್ಳೋ ಜಾಗ ಸರಿ. ಆದ್ರೆ ಡಿಲೇ ಏಳು ಮಾತ್ರೆ ಅಂದ್ರೆ ಸರಿಯಾಗಿ ಅರ್ಧ ಆವರ್ತ, ಮೂರೂವರೆ ಎಣಿಕೆ, ಮೂರು ಪ್ಲಸ್ ನಾಲ್ಕು ಅಂತ ನಡೆಯೋ ತಾಳವನ್ನ ಮಾರ್ದನಿ ನಡುವೆ ಸೀಳಿ ಸಮ ಸಮ ಮಾಡಿ ತೋರಿಸುತ್ತೆ. ಮೊದಲನೇ ಮಾರ್ದನಿ ಬೀಳೋ ಹೊತ್ತಿಗೆ ನನ್ನ ಕೈ ಎಲ್ಲಿರ್ಬೇಕು ಅಂತ ಬಾಯಲ್ಲಿ ಹೇಳ್ಕೊಂಡು ಹಾಕ್ತಾ ಇದ್ದೀನಿ, ಇನ್ನೂ ಮೂರರಲ್ಲಿ ಎರಡು ಸಲ ತಪ್ತಿದೆ.